ಅಪ್ಪಯ್ಯನಿಗಾಗಿ ಕಡಿದ ಮರ

ಅಪ್ಪಯ್ಯನ ಬೊಜ್ಜದ ಉತ್ತರಕ್ರಿಯೆ ಮುಗಿಸಿ ನಾನು ಕಾಲೇಜಿಗೆ ಮರಳಿದ ದಿನ ಮೊದಲ ಪೀರಿಯಡ್ಡೇ ಪರಿಸರ ಅಧ್ಯಯನ. ಎಲ್ಲರಿಗೂ ಕಡ್ಡಾಯವಾದ ವಿಷಯ, ಪಾಸಾದರೆ ಸಾಕು. ಹಾಗಾಗಿ ಬಿ.ಎ., ಬಿ.ಕಾಂ. ಎನ್ನದೆ ನಮ್ಮನ್ನೆಲ್ಲ ಕುಂದಾಪುರದ ಆ ಕಾಲೇಜಿನ ಸಭಾಂಗಣಕ್ಕೆ ಒಟ್ಟಿಗೆ ತುಂಬುತ್ತಿದ್ದರು. ಬೈಂದೂರಿನಿಂದ ಬಸ್ಸಿನಲ್ಲಿ ನಿಂತು ಬಂದ ನಾನು ಕೊನೆಯ ಬೆಂಚು ಹಿಡಿದೆ. ಬೋಳು ತಲೆ ಎಲ್ಲಿ ಕೂತರೂ ಕಾಣುತ್ತದೆ.

"ಏನಪ್ಪ, ತಿರುಪತಿಗೆ ಹೋಗಿದ್ಯಾ?" ಎಂದರು ಪಾಠ ಮಾಡುವ ಸರ್, ನನ್ನನ್ನು ಎಬ್ಬಿಸಿ ನಿಲ್ಲಿಸಿ. ಎಲ್ಲರೂ ನಕ್ಕರು.

"ಅಪ್ಪಯ್ಯ ತೀರಿಹೋದ್ರು ಸರ್."

ನಗು ನಿಂತಿತು. ಅವರೂ ನಿಲ್ಲಿಸಬಹುದಿತ್ತು. ಆದರೆ ಅವತ್ತಿನ ಪಾಠ ಅರಣ್ಯನಾಶ.

"ಸುಡ್ಲಿಕ್ಕೆ ಯಾವ ಮರ ಕಡಿದ್ರಿ?"

"ಮಾವಿನ ಮರ."

"ಎಷ್ಟು ವರ್ಷದ್ದು?"

"ಗೊತ್ತಿಲ್ಲ ಸರ್. ಅಜ್ಜನ ಕಾಲದ್ದು."

"ನೋಡಿ," ಎಂದರು ಸಭಾಂಗಣದ ಕಡೆ ತಿರುಗಿ. "ಉದಾಹರಣೆಗೆ ಅಮೆಜಾನಿಗೆ ಹೋಗ್ಬೇಕಾಗಿಲ್ಲ. ಇಲ್ಲೇ ನಿಂತಿದೆ." ಕಾರಣಗಳ ಪಟ್ಟಿಯಲ್ಲಿ 'ಶವಸಂಸ್ಕಾರ' ಎಂದು ಬರೆಸಿದರು. ಸುತ್ತಲೂ ಪೆನ್ನುಗಳು ಓಡಿದವು. ನನ್ನ ಅಪ್ಪಯ್ಯ ಎಲ್ಲರ ನೋಟ್ಸಿನಲ್ಲಿ ಒಂದು ತಪ್ಪಾಗಿ ಸೇರಿಹೋದರು.

ಪಕ್ಕದಲ್ಲಿದ್ದ ಬೀಜಾಡಿಯ ಗೆಳೆಯ ಮೆಲ್ಲಗೆ ಹೇಳಿದ: "ಇವ್ರನ್ನ್ ಕರೆಂಟಂಗೇ ಸುಡ್ಕ್ ಮಾರಾಯ. ನಡುಗೆ ಕರೆಂಟ್ ಹೋಯ್ಕ್."

ಸರ್‌ನ ಸುಡುವಾಗ ಅರ್ಧದಲ್ಲೇ ಕರೆಂಟು ಹೋಗಬೇಕು ಎನ್ನುವ ಅವನ ಶಾಪಕ್ಕೂ ನನಗೆ ನಗು ಬರಲಿಲ್ಲ. ಬದುಕಿದ್ದಷ್ಟು ದಿನ ಅಪ್ಪಯ್ಯ ಆ ಮರದ ಒಂದು ಗೆಲ್ಲನ್ನೂ ಕಡಿಯಲು ಬಿಟ್ಟವರಲ್ಲ. ಅವರನ್ನು ಜಗಲಿಯಲ್ಲಿ ಮಲಗಿಸಿದ್ದಾಗ ನೆರೆಮನೆಯವರು ಯಾರೂ ಕರೆಯದೆ ಕೊಡಲಿ ಹಿಡಿದು ಬಂದರು. ನಮ್ಮಲ್ಲಿ ಹಾಗೆಯೇ. ಹಿತ್ತಿಲ ಮಾವನ್ನು ಉರುಳಿಸಿ, ಗದ್ದೆಯಲ್ಲಿ ಸೌದೆ ಒಟ್ಟುತ್ತಾರೆ. ಒಂದೊಂದು ಪೆಟ್ಟು ಬಿದ್ದಾಗಲೂ ಅಮ್ಮ ಒಳಗೆ ಕಿವಿ ಮುಚ್ಚಿಕೊಂಡಿದ್ದಳು. ಸತ್ತವರ ಜೊತೆ ಮರವೂ ಹೋಗುವುದು ನಮಗೆ ಸುಲಭ ಎಂದು ಸರ್‌ಗೆ ಯಾರು ಹೇಳಿದರು?

ಮರ ಉಳಿಯಬೇಕು ಎನ್ನುವುದನ್ನು ನಾನು ಅಲ್ಲಗಳೆಯುವುದಿಲ್ಲ. ಮುಂದೆ ಹೆದ್ದಾರಿ ಅಗಲ ಮಾಡುವಾಗ ಇಕ್ಕೆಲದ ಮರಗಳೆಲ್ಲ ನೆಲಕ್ಕುರುಳಿದವು. ಆಗ ಯಾರನ್ನೂ ಯಾರೂ ಎಬ್ಬಿಸಿ ನಿಲ್ಲಿಸಲಿಲ್ಲ. ಅಪ್ಪನನ್ನು ಕಳೆದುಕೊಂಡ ಹುಡುಗನನ್ನು ನಿಲ್ಲಿಸುವುದು ಸುಲಭ, ಅಷ್ಟೆ.

ಸರ್ ಒಂದು ದಿನ ಕರೆದು ಒಂದು ಮಾತು ಹೇಳುತ್ತಾರೆ ಎಂದು ಆ ವರ್ಷವಿಡೀ ಕಾದೆ. ಹೇಳಲಿಲ್ಲ. ಅವರು ನಿವೃತ್ತರಾದ ಮೇಲೆ ಬ್ರಹ್ಮಾವರದ ಬಸ್ ನಿಲ್ದಾಣದಲ್ಲಿ ಸಿಕ್ಕರು. ನಾನೇ ಹೋಗಿ ಹಳೆಯ ವಿದ್ಯಾರ್ಥಿ ಎಂದೆ. ಅವರಿಗೆ ಬಹಳ ಖುಷಿಯಾಯಿತು. ಊರು ಕೇಳಿದರು, ಕೆಲಸ ಕೇಳಿದರು. ಆಮೇಲೆ ನನ್ನ ಭುಜದ ಮೇಲೆ ಕೈಯಿಟ್ಟು ಕೇಳಿದರು:

"ತಂದೆಯವರು ಹುಷಾರಾಗಿದ್ದಾರಾ?"

ಅವರ ಕೈಯನ್ನು ಭುಜದಿಂದ ಇಳಿಸಿದೆ.

"ನಿಮ್ಮ ಕ್ಲಾಸಿನಲ್ಲೇ ಹೇಳಿದ್ದೆ ಸರ್," ಎಂದೆ.