ಜ್ವರದಲ್ಲಿ ಮಲಗಿದ್ದವನ ಇಂಗ್ಲಿಷ್ ಪಾಠ

ಮೊದಲೇ ಹೇಳಿಬಿಡುತ್ತೇನೆ, ನಾನು ಇಂಥದ್ದನ್ನೆಲ್ಲ ನಂಬುವ ಪೈಕಿ ಅಲ್ಲ. ಹಲ್ಲಿ ಲೊಚಗುಟ್ಟಿತೆಂದು ಹೊರಟವರು ತಿರುಗಿ ಬಂದು ಕೂತುಕೊಳ್ಳುವುದನ್ನು, ಸತ್ತ ಅಜ್ಜ ಕನಸಿನಲ್ಲಿ ಬೇಡವೆಂದನೆಂದು ಕುದುರಿದ ಎಮ್ಮೆಯ ವ್ಯಾಪಾರ ಮುರಿದುಕೊಳ್ಳುವುದನ್ನು ಕಂಡರೆ ನನಗೆ ಮೈ ಉರಿಯುತ್ತಿತ್ತು. ನಮ್ಮ ಸೋದರಮಾವ ಸಂಡೂರಿನವರು. ಗುಡ್ಡದ ದಾರಿಯಲ್ಲಿ ಯಾರೋ ತಮ್ಮನ್ನು ಹೆಸರು ಹಿಡಿದು ಕರೆದ ಕಥೆಯನ್ನು ಊಟಕ್ಕೆ ಕೂತಾಗಲೆಲ್ಲ ಹೇಳುತ್ತಿದ್ದರು. "ಮಾವ, ನೀವು ಓ ಅಂದ್ರೋ ಇಲ್ಲೋ?" ಎಂದು ನಾನು ಕೆಣಕುತ್ತಿದ್ದೆ. "ಓ ಅಂದಿದ್ರ ಈಗ ನಿನ್ನ ಮುಂದ ಕುಂತು ರೊಟ್ಟಿ ತಿಂತಿದ್ನೇನಲೇ" ಎಂದು ಬೈಸಿಕೊಳ್ಳುತ್ತಿದ್ದೆ. ಈಗ ಅಂಥದ್ದೇ ಒಂದು ಕಥೆಯನ್ನು ನಾನೇ ಹೇಳಲು ಕೂತಿದ್ದೇನೆ. ಕೆಣಕುವವರು ಧಾರಾಳವಾಗಿ ಕೆಣಕಬಹುದು, ನನಗೆ ಬೇಜಾರಿಲ್ಲ.

ಆಗ ನಮ್ಮ ಬಳ್ಳಾರಿ ಜಿಲ್ಲೆ ಮದ್ರಾಸಿಗೆ ಸೇರಿತ್ತು. ತುಂಗಭದ್ರೆಗೆ ಡ್ಯಾಂ ಕಟ್ಟುವ ಮಾತು ಕೇಳಿಬರುತ್ತಿತ್ತೇ ಹೊರತು ಕಟ್ಟಿರಲಿಲ್ಲ. ಕಮಲಾಪುರ ದಾಟಿ ಕಂಪ್ಲಿಯ ಕಡೆ ಹೋಗುವ ದಾರಿಯಲ್ಲಿ, ಹಳೆಯ ರಾಯರ ಕಾಲುವೆಯ ದಂಡೆಗೆ ಒಂದು ಹಳ್ಳಿ. ಹೆಸರು ಬೇಡ, ಅಲ್ಲಿಯವರು ಇನ್ನೂ ಇದ್ದಾರೆ. ಸುತ್ತ ಕಬ್ಬು, ಬಾಳೆ, ಭತ್ತ. ನೀರಿಗೆ ಬರವಿಲ್ಲ, ಹಾಗಾಗಿ ಸೊಳ್ಳೆಗೂ ಬರವಿಲ್ಲ, ಚಳಿಜ್ವರಕ್ಕೂ ಇಲ್ಲ. ಹೊಸದಾಗಿ ಬಂದ ಮಾಸ್ತರರು ವರ್ಷ ತುಂಬುವುದರೊಳಗೆ ವರ್ಗ ಮಾಡಿಸಿಕೊಂಡು ಓಡುವ ಊರು. ಮದುವೆಯಾಗದ ಹುಡುಗ, ಎಲ್ಲಿ ಹಾಕಿದರೂ ಬಿದ್ದಿರುತ್ತಾನೆ ಎಂದು ನನ್ನನ್ನು ಅಲ್ಲಿಗೆ ಹಾಕಿದರು.

ಶಾಲೆ ಎಂದರೆ ಒಂದು ಹಳೆಯ ಕಲ್ಲಿನ ಮಂಟಪ. ಹಂಪಿಯ ಸೀಮೆಯಲ್ಲಿ ಮಂಟಪಗಳಿಗೇನು ಕೊರತೆ. ಯಾವ ಕಾಲದಲ್ಲೋ ಯಾರೋ ಕಂಬಗಳ ನಡುವೆ ಮಣ್ಣಿನ ಗೋಡೆ ಎತ್ತಿ, ಒಂದು ಕಡೆ ಬಾಗಿಲು ಬಿಟ್ಟು, ಶಾಲೆ ಮಾಡಿದ್ದರು. ಮಕ್ಕಳು ಬಾಗಿಲಿಗೆ ಬೆನ್ನು ಮಾಡಿ, ಕರಿಹಲಗೆಯ ಕಡೆ ಮುಖ ಮಾಡಿ ನೆಲದ ಮೇಲೆ ಕೂರುತ್ತಿದ್ದವು. ಹೆಡ್‌ಮಾಸ್ತರರು ಕೊಟ್ರಪ್ಪನವರು, ವಯಸ್ಸಾದವರು. ಮಗ್ಗಿ, ಲೆಕ್ಕ, ಕಾಗುಣಿತ ಎಲ್ಲ ಅವರ ನಾಲಿಗೆಯ ಮೇಲೆ. ಇಂಗ್ಲಿಷ್ ಮಾತ್ರ ಒಂದಕ್ಷರ ಬಾರದು. ಬಾರದ್ದಕ್ಕೆ ಅವರಿಗೆ ಬೇಸರವೂ ಇರಲಿಲ್ಲ. ನನ್ನನ್ನು ಕಳಿಸಿದ್ದೇ ಇಂಗ್ಲಿಷ್ ಕಲಿಸಲೆಂದು, ಊರಿನಲ್ಲಿ ಆ ಭಾಷೆ ಗೊತ್ತಿದ್ದವನು ನಾನೊಬ್ಬನೇ.

ಬಳ್ಳಾರಿಯಲ್ಲಿ ಟ್ರೈನಿಂಗ್ ಮಾಡುವಾಗ ನಮಗೊಂದು ಹೊಸ ಪದ್ಧತಿ ಹೇಳಿಕೊಟ್ಟಿದ್ದರು. ಮಕ್ಕಳಿಗೆ ಶಬ್ದದ ಅರ್ಥ ಹೇಳಬಾರದು, ಮಾಡಿಸಬೇಕು. "ಸ್ಟ್ಯಾಂಡ್ ಅಪ್" ಎಂದರೆ ಎಲ್ಲರೂ ಏಳಬೇಕು. "ಟೇಕ್ ಯುವರ್ ಸ್ಲೇಟ್ಸ್" ಎಂದರೆ ಸ್ಲೇಟು ಎತ್ತಿಕೊಳ್ಳಬೇಕು. "ಗೋ ಔಟ್" ಎಂದರೆ ಸಾಲಾಗಿ ಹೊರಗೆ ನಡೆದು, "ವಿ ಆರ್ ಗೋಯಿಂಗ್ ಔಟ್" ಎಂದು ಒಕ್ಕೊರಲಿನಿಂದ ಹೇಳುತ್ತ ಎದುರಿನ ಹುಣಸೆಮರದ ಕೆಳಗೆ ನಿಲ್ಲಬೇಕು. ದೊಡ್ಡ ಕ್ಲಾಸಿನವರಿಗೆಂದು ಶುರುಮಾಡಿದ್ದು, ಆಮೇಲೆ ಒಂದನೇ ಕ್ಲಾಸಿನ ಚಿಳ್ಳೆಪಿಳ್ಳೆಗಳೂ ಬಾಲ ಹಿಡಿದುಕೊಂಡು ಬರತೊಡಗಿದವು. ಸ್ಲೇಟು ಹಿಡಿದೇ ಏಳಬೇಕೆಂಬುದು ಕಡ್ಡಾಯ. ಕೆಳಗೆ ಬಿಟ್ಟರೆ ಪಕ್ಕದವನು ತುಳಿದು ಒಡೆಯುತ್ತಿದ್ದ, ಮನೆಯಲ್ಲಿ ಬೆನ್ನು ಕೆಂಪಾಗುತ್ತಿತ್ತು. "ನಿಮ್ಮದು ಪಾಠ ಅಲ್ರಿ ಮಾಸ್ತರ, ಪೊಲೀಸ್ರ ಕವಾಯತು" ಎಂದು ಕೊಟ್ರಪ್ಪನವರು ಹಂಗಿಸುತ್ತಿದ್ದರು.

ಅವರಿಗೆ ಗೊತ್ತಿರಲಿಲ್ಲ, ಆ ಕವಾಯತಿನಲ್ಲಿ ನನಗೆ ಇನ್ನೊಂದು ಉದ್ದೇಶವೂ ಇತ್ತು. ಮಂಟಪದ ನಡುವಿನ ಎರಡು ಕಂಬಗಳ ಮೇಲೆ ಉದ್ದನೆಯ ಕಲ್ಲಿನ ತೊಲೆ, ಅದರ ಮೇಲೆ ಆಳುದ್ದದ ಚಪ್ಪಡಿಗಳು. ಆ ತೊಲೆಯಲ್ಲಿ ಒಂದು ಬಿರುಕು. ದೀಪಾವಳಿಯ ಹೊತ್ತಿಗೆ ಬಿರುಕಿಗೆ ಅಡ್ಡಲಾಗಿ ಸುಣ್ಣ ಮೆತ್ತಿದ್ದೆ. ಬಿರುಕು ಬೆಳೆದರೆ ಸುಣ್ಣ ಒಡೆಯುತ್ತದೆ, ಕಲ್ಲುಕೆಲಸದವರು ಹೀಗೆ ಪರೀಕ್ಷೆ ಮಾಡುವುದನ್ನು ನೋಡಿದ್ದೆ. ಸಂಕ್ರಾಂತಿಗೆ ನೋಡಿದರೆ ಸುಣ್ಣ ಒಡೆದಿತ್ತು. ಅಂದಿನಿಂದ ನನ್ನ ನೆಮ್ಮದಿ ಹೋಯಿತು. ಪಾಠ ಹೇಳುವಾಗ ಒಂದು ಕಣ್ಣು ಪುಸ್ತಕದ ಮೇಲೆ, ಇನ್ನೊಂದು ತೊಲೆಯ ಮೇಲೆ. ಮರದ ಕೆಳಗೇ ಶಾಲೆ ನಡೆಸೋಣ ಎಂದರೆ ಕೊಟ್ರಪ್ಪನವರು ಒಪ್ಪಲಿಲ್ಲ, ದಾರಿಯಲ್ಲಿ ಹೋಗುವ ಗಾಡಿ ನೋಡುತ್ತ ಮಕ್ಕಳು ಓದು ಬಿಡುತ್ತವೆ ಎಂದರು. ಹಾಗಾಗಿ ಇಂಗ್ಲಿಷಿನ ನೆಪದಲ್ಲಿ ಅಷ್ಟು ಹೊತ್ತಾದರೂ ಹೊರಗಿರಲಿ ಎಂದು ಕರೆದೊಯ್ಯುತ್ತಿದ್ದೆ.

ಊರ ಗೌಡರ ಹತ್ತಿರವೂ ಹೋಗಿದ್ದೆ. ಅವರ ಬೆಲ್ಲದ ಕೋಣೆ ವಿಶಾಲವಾಗಿತ್ತು, ಅಲ್ಲಿ ಶಾಲೆ ನಡೆಸಬಹುದಿತ್ತು. ಗೌಡರು ಕೆಟ್ಟವರಲ್ಲ. "ಬೆಲ್ಲ ಹೊಸಪೇಟಿಗೆ ಹೋಗ್ಲಿ ತಡೀರಿ ಮಾಸ್ತರ, ಆಮ್ಯಾಗ ನಿಮ್ಮ ಹುಡುಗ್ರನ್ನ ತುಂಬ್ಕೊಳ್ರಿ. ರಾಯರ ಕಾಲದ ಕಲ್ಲು ಅದು, ನಾವು ಬೆಲ್ಲ ಮಾರೂದ್ರಾಗ ಬೀಳ್ತೈತೇನು?" ಎಂದರು. ಅವರ ಮೊಮ್ಮಗಳು ಹುಲಿಗೆಮ್ಮ ಅದೇ ತೊಲೆಯ ಕೆಳಗೆ ಮೊದಲ ಸಾಲಿನಲ್ಲಿ ಕೂರುತ್ತಿದ್ದಳು. ಬೆಲ್ಲದ ಗಾಡಿಗಳು ಯಾವಾಗ ಹೊರಟಾವೋ ಎಂದು ನಾನು ದಿನಾ ಕಾಯತೊಡಗಿದೆ.

ಅಷ್ಟರಲ್ಲಿ ಚಳಿಜ್ವರ ನನ್ನನ್ನೂ ಹಿಡಿಯಿತು. ಕಾಲುವೆಯ ಆಚೆ ದಂಡೆಯಲ್ಲಿ ಹಂಪಮ್ಮ ಎಂಬ ಮುದುಕಿಯ ಮನೆಯಲ್ಲಿ ನನಗೊಂದು ಕೋಣೆ ಇತ್ತು. ಶಾಲೆ ಊರಿನ ಇನ್ನೊಂದು ತುದಿಗೆ. ಮಂಟಪದ ಹತ್ತಿರ ಡೊಳ್ಳು ಬಡಿದರೆ ನಮಗೆ ಕೇಳೀತು, ಮನುಷ್ಯನ ಕೂಗು ಕೇಳುವ ಮಾತೇ ಇಲ್ಲ. ಜ್ವರ ದಿನ ಬಿಟ್ಟು ದಿನ ಬರುತ್ತಿತ್ತು. ಬಂದ ದಿನ ಎರಡು ಕಂಬಳಿ ಹೊದ್ದರೂ ಹಲ್ಲು ಕಟಕಟ ಎನ್ನುತ್ತಿದ್ದವು, ಆಮೇಲೆ ಮೈ ಕಾದು ಎಚ್ಚರ ತಪ್ಪುತ್ತಿತ್ತು. ಆ ದಿನವೂ ಬೆಳಿಗ್ಗೆ ಹಾಗೇ ಆಯಿತು. ಶಾಲೆಗೆ ಬರಲಾರೆನೆಂದು ಕೊಟ್ರಪ್ಪನವರಿಗೆ ಹೇಳಿ ಕಳಿಸಿ ಮಲಗಿದೆ.

ಮುಂದಿನದು ನನಗೆ ಏನೇನೂ ನೆನಪಿಲ್ಲ. ಎಚ್ಚರವಾದಾಗ ಮಧ್ಯಾಹ್ನ. ಮೈಯೆಲ್ಲ ಬೆವರು, ಗಂಟಲು ಹರಿದುಹೋದಷ್ಟು ನೋವು. ಹಂಪಮ್ಮ ಚೊಂಬು ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದಳು, ಒಳಗೆ ಬರಲು ಹೆದರುತ್ತಿದ್ದಳು. "ಏನ್ರೀ ಮಾಸ್ತರ, ಹಿಂಗ ಒದರ್ತೀರಿ? ಎದ್ದು ಕುಂತು, ಗ್ವಾಡಿ ಕಡಿ ಕೈ ಮಾಡಿ, ಇಂಗ್ಲೀಷಿನಾಗ ಒಂದ ಸಮ ಒದರೂದಾ. ನನಗ ಎದಿ ಒಡದು ನೀರಾತು" ಎಂದಳು. ನೀರು ಕುಡಿದೆ. ಚೊಂಬು ಕೆಳಗಿಡುವುದರೊಳಗೆ ನೆಲ ಅದುರಿತು. ಊರಿನ ಆ ತುದಿಯಿಂದ ಗುಡುಗಿನಂಥ ಸದ್ದು ಬಂತು.

ಅದು ಏನೆಂದು ಯಾರೂ ನನಗೆ ಹೇಳಬೇಕಾಗಿರಲಿಲ್ಲ. ಹೇಗೆ ಎದ್ದೆನೋ, ಕಾಲುವೆಯ ಮೇಲಿನ ಕಲ್ಲುಹಾಸನ್ನು ಹೇಗೆ ದಾಟಿದೆನೋ ಗೊತ್ತಿಲ್ಲ. ಓಣಿಯಲ್ಲಿ ಎರಡು ಸಲ ಬಿದ್ದೆ. ಹೊಲದಿಂದ ಜನ ಓಡಿ ಬರುತ್ತಿದ್ದರು, ಹೆಂಗಸರು ಮಕ್ಕಳ ಹೆಸರು ಹಿಡಿದು ಅಳುತ್ತಿದ್ದರು. ಮಂಟಪ ಇದ್ದ ಕಡೆ ಧೂಳು ಎದ್ದು ಏನೂ ಕಾಣುತ್ತಿರಲಿಲ್ಲ. ನನ್ನ ತಲೆಯಲ್ಲಿ ಒಂದೇ ಮಾತು ತಿರುಗುತ್ತಿತ್ತು: ಅಷ್ಟೂ ಮಕ್ಕಳು ಒಳಗಿದ್ದವು.

ಒಳಗಿರಲಿಲ್ಲ. ಹುಣಸೆಮರದ ಕೆಳಗೆ ಸಾಲಾಗಿ ನಿಂತಿದ್ದವು, ನಾನು ಕಲಿಸಿದ ಹಾಗೆಯೇ, ಚಿಕ್ಕವರು ಮುಂದೆ, ದೊಡ್ಡವರು ಹಿಂದೆ. ತಲೆಯ ಮೇಲೆ, ರೆಪ್ಪೆಯ ಮೇಲೆ ಧೂಳು, ಕೈಯಲ್ಲಿ ಮಾತ್ರ ಸ್ಲೇಟಿರಲಿಲ್ಲ. ಅವರ ಎದುರಿಗೆ ಕೊಟ್ರಪ್ಪನವರು ಬೆತ್ತ ಎತ್ತಿ ಹಿಡಿದುಕೊಂಡು ನಿಂತಿದ್ದರು. ಯಾರನ್ನೋ ಹೊಡೆಯಲು ಎತ್ತಿದ ಕೈ ಹಾಗೇ ಉಳಿದುಬಿಟ್ಟಿತ್ತು. ಒಂದು ಮಗುವಿಗೂ ಗಾಯವಿರಲಿಲ್ಲ. ಅಲ್ಲೇ ಧೂಳಿನಲ್ಲಿ ಕೂತು, ಊರವರೆಲ್ಲ ನೋಡುತ್ತಿದ್ದರೂ ನಾಚಿಕೆಯಿಲ್ಲದೆ ಅತ್ತೆ. ಅಷ್ಟು ಹಗುರಾದ ಅಳು ನಾನು ಆಮೇಲೆ ಎಂದೂ ಅತ್ತಿಲ್ಲ.

ನಡೆದದ್ದನ್ನು ಕೊಟ್ರಪ್ಪನವರು ಆಮೇಲೆ ಹೇಳಿದರು. ಅವರು ಬಾಗಿಲಿನ ಹತ್ತಿರ ಕೂತು ಮಗ್ಗಿ ಬರೆಸುತ್ತಿದ್ದರಂತೆ. ಮಕ್ಕಳು ಇದ್ದಕ್ಕಿದ್ದಂತೆ ಒಟ್ಟಿಗೆ ಎದ್ದು, ಇವರ ಕಡೆ ನೋಡದೆ, ಇಂಗ್ಲಿಷಿನಲ್ಲಿ ಏನೋ ಹೇಳುತ್ತ ಹೊರಗೆ ನಡೆದವು. ಕವಾಯತು ಮಾಡಿಸಲು ನಾನೇ ಇರಲಿಲ್ಲ. ಮೇಲಾಗಿ ಅದು ಸ್ವಾತಂತ್ರ್ಯ ಚಳವಳಿಯ ಕಾಲ, ಪೇಟೆಗಳಲ್ಲಿ ಹುಡುಗರು ಕ್ಲಾಸು ಬಿಟ್ಟು ಬೀದಿಗೆ ಬರುತ್ತಿದ್ದರು. "ನಮ್ಮ ಸಾಲಿಗೂ ಬಂತಪಾ ಚಳವಳಿ, ಇನ್ನ ನನ್ನ ನೌಕರಿ ಹೋತು ಅನ್ಕೊಂಡ್ನಿ. ಒಂದನೇ ಕ್ಲಾಸಿನ ಚೋಟು ಹುಡುಗ್ರೂ ಎದ್ದು ನಡದಾವ. ಸಿಟ್ಟು ನೆತ್ತಿಗೇರ್ತು ನೋಡ್ರಿ. ಬೆತ್ತ ತಗೊಂಡು ಹಿಂದ ಓಡಿದ್ನಿ" ಎಂದರು. ಮೊದಲ ಏಟು ಹೊಡೆಯಲು ಕೈ ಎತ್ತಿದ್ದಾರೆ, ಬೆನ್ನ ಹಿಂದೆ ಮಂಟಪ ಕುಸಿದಿದೆ. ಸಿಟ್ಟು ಬಾರದಿದ್ದರೆ ಆ ಮನುಷ್ಯ ಇವತ್ತು ಕಲ್ಲಿನ ಕೆಳಗೆ.

ಆ ಸಂಜೆ ತಾಯಂದಿರು ಮಕ್ಕಳನ್ನು ಕರೆದುಕೊಂಡು ನನ್ನ ಕೋಣೆಗೆ ಬಂದರು. ನಾನೇ ಉಳಿಸಿದೆನೆಂದು ಕೈ ಮುಗಿಯತೊಡಗಿದರು. ನನಗೆ ತಲೆಬುಡ ತಿಳಿಯಲಿಲ್ಲ. ಮಕ್ಕಳನ್ನೇ ಕೇಳಿದೆ, ಯಾರು ನಿಮಗೆ ಏಳಲು ಹೇಳಿದ್ದು ಎಂದು. ಹುಲಿಗೆಮ್ಮ ನನ್ನನ್ನೇ ವಿಚಿತ್ರವಾಗಿ ನೋಡಿದಳು.

"ನೀವ ಹೇಳಿದ್ರಲ್ರಿ ಸಾರ್."

"ನಾನು ಇಲ್ಲಿ ಮಲಗಿದ್ದೆನಲ್ಲವ್ವ. ನನ್ನನ್ನ ನೋಡಿದಿ ಏನು?"

"ಇಲ್ರಿ. ಹಿಂದ ಬಾಗಲದಾಗ ಕೇಳಿಸ್ತು. ಜೋರ ಹೇಳಿದ್ರಿ."

"ಮತ್ತ ಸ್ಲೇಟು ಯಾಕ ಬಿಟ್ಟು ಬಂದ್ರಿ?"

"ಬಿಡ್ರಿ ಅಂದ್ರಲ್ರಿ."

ಇಂಗ್ಲಿಷಿನಲ್ಲೋ ಕನ್ನಡದಲ್ಲೋ ಎಂದು ಕೇಳಿದೆ. ಇಂಗ್ಲಿಷಿನಲ್ಲೇ ಎಂದಳು. ಏನೆಂದೆ, ಹೇಳು ನೋಡೋಣ ಎಂದೆ. ಆ ಹುಡುಗಿ ಸ್ವಲ್ಪವೂ ತಡವರಿಸದೆ, "ಲೀವ್ ಯುವರ್ ಸ್ಲೇಟ್ಸ್. ಗೋ ಔಟ್" ಎಂದಳು. ಉಳಿದ ಮಕ್ಕಳು ಹೌದೆಂದು ತಲೆಯಾಡಿಸಿದವು.

ನನಗೆ ಮೈ ಜುಮ್ಮೆಂದದ್ದು ಆಗಲೇ. ಆ ಮಾತನ್ನು ನಾನು ಅವರಿಗೆ ಕಲಿಸಿರಲೇ ಇಲ್ಲ. ಸ್ಲೇಟು ಎತ್ತಿಕೊಳ್ಳಿ ಎಂದು ಕಲಿಸಿದ್ದೆನೇ ಹೊರತು ಬಿಡಿ ಎಂದು ಒಂದು ದಿನವೂ ಹೇಳಿದವನಲ್ಲ. ಪುಸ್ತಕದಲ್ಲಿ ಆ ಪಾಠ ಬರುವುದು ಇನ್ನೂ ದೂರವಿತ್ತು. ಅರ್ಥ ಹೇಗೆ ಗೊತ್ತಾಯಿತು ಎಂದು ಕೇಳಿದರೆ, "ಗೊತ್ತಾತ್ರಿ" ಎಂದಳು, ಅಷ್ಟೇ. ಮರುದಿನ ಕಲ್ಲು ಸರಿಸಿ ನೋಡಿದಾಗ ಸ್ಲೇಟುಗಳೆಲ್ಲ ಪುಡಿಯಾಗಿ ಅಲ್ಲೇ ಬಿದ್ದಿದ್ದವು. ಬಗ್ಗಿ ಎತ್ತಿಕೊಳ್ಳುತ್ತ ನಿಂತಿದ್ದರೆ ಕೊನೆಗೆ ಹೊರಬೀಳುವ ಸಾಲಂತೂ ಉಳಿಯುತ್ತಿರಲಿಲ್ಲ ಎಂದು ಕೊಟ್ರಪ್ಪನವರೇ ಹೇಳಿದರು. ಅವರು ಮಕ್ಕಳಿಗಿಂತ ಬಾಗಿಲಿಗೆ ಹತ್ತಿರ ಕೂತಿದ್ದರು. ಅವರಿಗೆ ಮಾತ್ರ ಯಾವ ದನಿಯೂ ಕೇಳಿರಲಿಲ್ಲ.

ಹೊಸಪೇಟೆಯ ಡಾಕ್ಟರರೊಬ್ಬರಿಗೆ ಇದನ್ನು ಹೇಳಿದೆ. ಅವರು ನಕ್ಕರು. ಜ್ವರ ಏರಿದವನು ತನಗೆ ಅಂಟಿದ ಚಿಂತೆಯನ್ನೇ ಬಡಬಡಿಸುತ್ತಾನೆ, ನೀವಿಲ್ಲದೆ ಬೇಸತ್ತ ಮಕ್ಕಳು ತಾವೇ ಆಟ ಹೂಡಿರುತ್ತವೆ, ಎರಡೂ ಒಂದೇ ಹೊತ್ತಿಗೆ ಆದವು, ಮುಗಿಯಿತು ಎಂದರು. ಇದ್ದೀತು. ಆ ಉತ್ತರ ನನ್ನ ಸ್ವಭಾವಕ್ಕೆ ಒಗ್ಗುವಂಥದ್ದು, ಒಪ್ಪಿಕೊಳ್ಳಲು ಎಷ್ಟೋ ಸಲ ಪ್ರಯತ್ನಪಟ್ಟಿದ್ದೇನೆ. ಆದರೆ ಕಲಿಯದ ಮಾತನ್ನು ಅಷ್ಟೂ ಮಕ್ಕಳು ಹೇಗೆ ಕೇಳಿದವು, ಯಾರ ಬಾಯಿಂದ ಕೇಳಿದವು? ಸೋದರಮಾವನನ್ನು ಕೇಳೋಣವೆಂದರೆ ಅಷ್ಟು ಹೊತ್ತಿಗೆ ಅವರು ತೀರಿಕೊಂಡಿದ್ದರು. ವಯಸ್ಸಾಯಿತು, ಎಷ್ಟೋ ವಿಷಯ ತಿಳಿದುಕೊಂಡೆ, ಇದೊಂದು ಮಾತ್ರ ತಿಳಿಯಲಿಲ್ಲ.

ಆ ಮರುದಿನದ ಬೆಳಗಿನದಷ್ಟು ಹೇಳಿ ಮುಗಿಸುತ್ತೇನೆ. ಗೌಡರು ರಾತ್ರಿಯೇ ಬೆಲ್ಲವನ್ನೆಲ್ಲ ಅಂಗಳಕ್ಕೆ ಹಾಕಿಸಿ ಕೋಣೆ ಖಾಲಿ ಮಾಡಿಸಿದ್ದರು. ಗುಡಿಸಿ ಸಾರಿಸುವವರೆಗೆ ಹುಣಸೆಮರದ ಕೆಳಗೇ ಶಾಲೆ. ಜ್ವರ ಬಿಟ್ಟಿತ್ತು, ಗಂಟಲು ಮಾತ್ರ ಗೊಗ್ಗರಾಗಿತ್ತು. ನಿಂತು ಹಾಜರಿ ಕರೆದೆ. ಒಂದೊಂದು ಹೆಸರಿಗೂ "ಎಸ್ ಸಾರ್" ಎಂದು ಉತ್ತರ ಬಂತು. ಕೊನೆಯ ಹೆಸರು ಮುಗಿದ ಮೇಲೆ ಪಾಠ ಶುರುಮಾಡಬೇಕಾಗಿತ್ತು. ನಾನು ಮತ್ತೆ ಮೊದಲನೆಯ ಹೆಸರಿನಿಂದ ಕರೆಯತೊಡಗಿದೆ. ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡು ಕಿಸಕ್ಕೆಂದು ನಕ್ಕವು, ಆದರೂ ಒಬ್ಬೊಬ್ಬರಾಗಿ ಉತ್ತರ ಕೊಟ್ಟವು. ಎರಡನೆಯ ಸಲವೂ ಮುಗಿಯಿತು. ಕೊಟ್ರಪ್ಪನವರು ಕೆಮ್ಮಿದರು. ಇನ್ನು ಹಂಗಿಸುತ್ತಾರೆ ಎಂದುಕೊಂಡು ಅವರ ಕಡೆ ತಿರುಗಿದೆ. ಅವರು ಧೋತರದ ಚುಂಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು.

"ಇನ್ನೊಂದ್ಸಲ ಕರೀರಿ ಮಾಸ್ತರ" ಎಂದರು.

ಕರೆದೆ.