ನಿಂಬೆಗೆ ಕಜ್ಜಿ ಹತ್ತಿದ ಭಾದ್ರಪದ

ಬೀದರಿನ ಚಿದ್ರಿಯ ಗುಲಾಮ ರಸೂಲನಿಗೆ ಮನುಷ್ಯರ ಮುಖ ನೆನಪಿರುತ್ತಿರಲಿಲ್ಲ, ಗಿಡಗಳದ್ದು ಇರುತ್ತಿತ್ತು. ನನ್ನ ಮಗಳ ಮದುವೆಗೆ ಬಂದವನು ಪಂಕ್ತಿ ಬಿಟ್ಟು ಚಪ್ಪರದ ಪಕ್ಕದ ಮಲ್ಲಿಗೆಯ ಎಲೆ ಮಗುಚಿ ನೋಡುತ್ತ ನಿಂತಿದ್ದ. ‘ಹೇನು ಹತ್ಯದ್ರಿ ಸಾವಕಾರ್ರ’ ಎಂದು ಬೀಗರೆದುರಿಗೇ ಕೂಗಿದ. ಬೀಗರು ಹುಡುಗಿಯ ತಲೆಯತ್ತ ನೋಡಿದರು.

ಅವನ ವರ್ಷ ಗಿಡಗಳ ಜಡ್ಡಿನ ಮೇಲೆ ನಡೆಯುತ್ತಿತ್ತು. ಬೇಸಿಗೆಯಲ್ಲಿ ಔರಾದಿನ ಮಾವಿನ ಮರಗಳ ಸತ್ತ ತೊಗಟೆ ಕೆರೆದು, ಕಾಂಡ ಕೊರೆಯುವ ಹುಳುವನ್ನು ತಂತಿ ಹಾಕಿ ಎಳೆಯುವುದು. ಮಳೆ ಬಿಡುವು ಕೊಟ್ಟಾಗ ಭಾಲ್ಕಿಯ ನಿಂಬೆಗೆ ಮೈಲುತುತ್ತ ಮತ್ತು ಸುಣ್ಣದ ನೀಲಿ ಔಷಧ. ಚಳಿಯಲ್ಲಿ ಬೀದರಿನ ಬಂಗಲೆಗಳ ಗುಲಾಬಿಗೆ ಬೂದಿರೋಗ ಕಂಡರೆ, ಇಬ್ಬನಿ ಆರುವ ಮೊದಲು ಗಂಧಕದ ಪುಡಿ. ಮೈಲುತುತ್ತ, ಗಂಧಕ ನನ್ನ ಅಂಗಡಿಯವು. ನಿಂಬೆ ಕೊಳ್ಳುವವನೂ ನಾನೇ. ಹೀಗಾಗಿ ಅವನ ಮೇಲಿನ ನನ್ನ ಪ್ರೀತಿಯನ್ನು ಯಾರೂ ಅಪ್ಪಟ ಎನ್ನಲಾರರು.

ಪೊಲೀಸ್ ಆ್ಯಕ್ಷನ್ ಆದ ವರ್ಷ, ನಿಜಾಮರ ಪರ ಊರೂರು ಸುಲಿಯುತ್ತಿದ್ದ ರಜಾಕಾರರಿಗೆ ಹೆದರಿ ನಾನು ಅಂಗಡಿಗೆ ಬೀಗ ಜಡಿದು, ಭಾಲ್ಕಿಯ ಹೊರಗಿದ್ದ ಭೀಮಬಾಯಿಯ ತೋಟದಮನೆಯ ಅಟ್ಟ ಸೇರಿದ್ದೆ. ಗಂಡ ತೀರಿದ ಮೇಲೆ ಅರವತ್ತು ನಿಂಬೆಗಿಡಗಳನ್ನು ಒಬ್ಬಳೇ ಸಾಕಿದ ಹೆಂಗಸು ಅವಳು. ಎಂಟು ದಿನಕ್ಕೆ ಹಿಂದುಸ್ತಾನದ ಫೌಜು ಬಂತು, ನಿಜಾಮರ ಸರ್ಕಾರ ಶರಣಾಯಿತು, ನಾನು ಮೀಸೆ ತೀಡಿಕೊಂಡು ಕೆಳಗಿಳಿದೆ. ಈಗ ಸೇಡು ಕಂಡಕಂಡ ಮುಸಲ್ಮಾನರ ಮೇಲೆ ತಿರುಗಿತ್ತು, ಅದೇ ಅಟ್ಟಕ್ಕೆ ಗುಲಾಮ ರಸೂಲ ಏರಿದ. ಔರಾದಿನಿಂದ ಮನೆಗೆ ಹೊರಟವನಿಗೆ ಸಂತಪುರದ ಹಾದಿಯಲ್ಲಿ ಸುಡುವ ಮನೆಗಳು ಕಂಡಿದ್ದವು. ಹಾದಿ ಬಿಟ್ಟು, ಎರಡು ದಿನ ಹೊಲಗಳಲ್ಲೇ ನಡೆದು ಬಂದಿದ್ದ.

‘ಜಾಗಾ ಬೆಚ್ಚಗ ಅದಾ, ಸಾವಕಾರ್ರ’ ಎಂದ.

‘ಎಂಟು ದಿನ ಕುಂತು ಕಾಯಿಸೀನಿ. ಸುಮ್ಮನಾ ಆಗ್ಯದೇನು?’ ಎಂದೆ. ಅವನು ನಗಲಿಲ್ಲ.

ಹಾದಿ ನೆಟ್ಟಗಿಲ್ಲವೆಂದು ನಾನೂ ತೋಟದಲ್ಲೇ ಉಳಿದಿದ್ದೆ. ಮೂರನೆಯ ದಿನ ಮಳೆ ನಿಂತು ಬಿಸಿಲು ಬಿತ್ತು. ಅಟ್ಟದ ಕಿಂಡಿಯಿಂದ ಅವನಿಗೆ ನಿಂಬೆಯ ಎಲೆಗಳು ಕಂಡವು. ಹಳದಿ ಅಂಚಿನ ಕಂದು ಹುರುಕು. ಕಜ್ಜಿ ರೋಗ. ಸರಸರ ಇಳಿದು ಬಂದ.

‘ಮ್ಯಾಲ ಹೋಗೋ ಖೋಡಿ!’ ಭೀಮಬಾಯಿ ಗದರಿದಳು.

‘ಅಮ್ಮಾ, ಇವತ್ತ ಬಿಟ್ರ ಎಲ್ಲಾ ಗಿಡಕ್ಕ ಹತ್ತತದ್ರಿ.’

‘ಮೊದಲ ನಿನ್ನ ಕುತ್ತಿಗಿಗೆ ಹತ್ತತದ.’

ಕೊನೆಗೆ ರಾಜಿಯಾಯಿತು. ನಾಯಿ ಬೊಗಳಿದ ಕೂಡಲೇ ಅಟ್ಟ ಹತ್ತಬೇಕು. ಅವನು ತಲೆಯಾಡಿಸಿ, ಮಣ್ಣಿನ ಬಾನಿಯಲ್ಲಿ ಔಷಧ ಕಲಸಿ, ಹಿತ್ತಾಳೆಯ ಪಿಚಕಾರಿ ಹಿಡಿದು ಸಾಲು ಹಿಡಿದ.

ಮಧ್ಯಾಹ್ನ ನಾಯಿ ಬೊಗಳಿತು. ಬಾನಿಯಲ್ಲಿ ಇನ್ನೂ ಅರ್ಧ ಔಷಧವಿತ್ತು. ಆ ಔಷಧ ಕಲಸಿದ ದಿನವೇ ಮುಗಿಯಬೇಕು, ಮರುದಿನಕ್ಕೆ ಕೆಡುತ್ತದೆ. ‘ಇಷ್ಟು ಹೊಡದು ಬಂದ್ಬಿಡ್ತೇನಿ’ ಎಂದ. ಬೇರೆ ಯಾವ ಮನುಷ್ಯನಾದರೂ ಓಡುತ್ತಿದ್ದ. ಅವನು ಇನ್ನೆರಡು ಗಿಡ ತೋಯಿಸುವಷ್ಟರಲ್ಲಿ ಬೇಲಿ ದಾಟಿ ಎಂಟು ಜನ ಒಳಗೆ ಬಂದರು.

ಮುಂದಿದ್ದವನು ಕುರಿ ಕಾಯುವ ಮಡೆಪ್ಪ, ಸೊಂಟದಲ್ಲಿ ಸೊಪ್ಪು ಕಡಿಯುವ ಬಾಗಿದ ಕೊಯ್ತಾ. ಹಿಂದಿನ ತಿಂಗಳು ಅವನ ತಮ್ಮನನ್ನು ರಜಾಕಾರರು ಎಳೆದೊಯ್ದಿದ್ದರು, ತಮ್ಮ ಮರಳಿರಲಿಲ್ಲ. ಗುಲಾಮ ರಸೂಲನ ರಟ್ಟೆ ಹಿಡಿದು, ಸೊಂಟ ತಡವಿ, ಒಂದು ಚಾಕು ಹೊರಗೆಳೆದ. ಅಲಗಿನ ಮೇಲೆ ಒಣಗಿದ ಕೆಂಪು.

‘ಯಾರ ರಕ್ತ ಇದು?’

ಗುಲಾಮ ರಸೂಲ ಚಾಕು ಬಿಟ್ಟು ಬಾನಿಯತ್ತ ನೋಡಿದ. ಹಿಂದಿನವನೊಬ್ಬ ಕೊಡಲಿಯನ್ನು ಹೆಗಲಿನಿಂದ ಇಳಿಸಿದ. ನನ್ನ ಬಾಯಿ ತಾನಾಗಿ ತೆರೆಯಿತು.

‘ಕೋಳೀದು, ಮಡೆಪ್ಪ! ಮುಂಜಾನಿ ಕೋಳಿ ಕೊಯ್ದಾನ.’

ಮೂವತ್ತು ವರ್ಷ ಗಲ್ಲೆಯ ಮೇಲೆ ಕುಳಿತು ಆಡಿದ ಸುಳ್ಳುಗಳಲ್ಲಿ ಇಷ್ಟು ಕಳಪೆ ಮಾಲು ನಾನು ಯಾರಿಗೂ ಕೊಟ್ಟಿರಲಿಲ್ಲ. ಮಡೆಪ್ಪ ಭೀಮಬಾಯಿಯ ಕೊರಳಿನ ತುಳಸಿಮಾಲೆ ನೋಡಿದ. ಉಳ್ಳಾಗಡ್ಡಿಯನ್ನೂ ಮುಟ್ಟದ ಹೆಂಗಸು.

‘ಈ ಅವ್ವನ ತೋಟದಾಗ ಕೋಳಿ?’ ಎಂದು ನನ್ನತ್ತ ತಿರುಗಿದ. ‘ಸುಳ್ಳು ಯಾಕ ಹೇಳ್ದಿ, ಸಾವಕಾರ? ಯಾರನ್ನ ಕೊಂದು ಬಂದಾನ ಇಂವ?’

ಇಬ್ಬರು ಸೇರಿ ಗುಲಾಮ ರಸೂಲನನ್ನು ಬಾನಿಯ ಪಕ್ಕದಲ್ಲಿ ಮೊಣಕಾಲೂರಿಸಿದರು. ನನ್ನ ಸುಳ್ಳು ಅವನನ್ನು ಅಲ್ಲಿ ಕೂರಿಸಿತ್ತು.

ಭೀಮಬಾಯಿ ಸೆರಗು ಬಿಗಿದು ಮುಂದೆ ಬಂದಳು. ‘ಈ ಸಾವಕಾರಗ ಹೆದರಿಕಿ ಬಂದ್ರ ಸುಳ್ಳೇ ಬರ್ತಾವ. ಅದು ರಕ್ತ ಅಲ್ಲೋ. ತಾಮ್ರ. ಔಷಧದಾಗ ಸುಣ್ಣ ಕಡಿಮಿ ಬಿದ್ರ ಕಬ್ಬಿಣದ ಮ್ಯಾಲ ಮೈಲುತುತ್ತದ ತಾಮ್ರ ಕುಂತು ಹಂಗ ಕೆಂಪಗಾಗ್ತದ. ಚಾಕು ಅದ್ದಿ ನೋಡಿನೇ ಅಂವ ಮತ್ತ ಸುಣ್ಣಾ ಹಾಕ್ದ, ಇಲ್ಲಂದ್ರ ಎಲಿ ಸುಟ್ಟು ಹೋಗ್ತಿದ್ದೂ.’

‘ನಂಬು ಅಂತಿ?’

‘ನಂಬಬ್ಯಾಡ. ನಿನ್ನ ಕೊಯ್ತಾ ಅದ್ದು.’

ಬಾನಿಯ ಬದಿಯ ಗಡಿಗೆಯಲ್ಲಿ ಇನ್ನೂ ಸುಣ್ಣ ಬೆರೆಸದ ಬರೀ ಮೈಲುತುತ್ತದ ನೀರಿತ್ತು. ಮಡೆಪ್ಪ ಕೊಯ್ತಾವನ್ನು ಅದರಲ್ಲಿ ಇಳಿಸಿದ. ಎಲ್ಲರೂ ಬಗ್ಗಿದರು. ಅವನು ಹೊರಗೆಳೆದ. ಅಲಗು ಮೊದಲಿನಂತೆಯೇ ಬೆಳ್ಳಗೆ ಹೊಳೆಯಿತು.

ಕೊಡಲಿಯವನು ಒಂದು ಹೆಜ್ಜೆ ಮುಂದೆ ಬಂದ. ನಾನು ಕಣ್ಣು ಮುಚ್ಚಿದೆ. ಮುಚ್ಚಬಾರದಿತ್ತು, ಆದರೆ ಮುಚ್ಚಿದೆ.

ಆಗ ಗುಲಾಮ ರಸೂಲನ ದನಿ ಕೇಳಿಸಿತು. ಗಿಡದ ಮಾಲೀಕರನ್ನು ಬೈಯುವ ಅವನ ಎಂದಿನ ದನಿ. ‘ಎಣ್ಣಿ ಸವರಿದ್ದೀರಲ್ರಿ ಅದಕ್ಕ... ಎಣ್ಣಿ ಇದ್ರ ಹ್ಯಾಂಗ ಹಿಡೀತದ್ರಿ? ಬೂದಿ ಹಾಕಿ ತಿಕ್ರಿ ಮೊದಲ.’

ಭೀಮಬಾಯಿ ಓಡಿಹೋಗಿ ಒಲೆಯ ಬೂದಿ ತಂದಳು. ಮಡೆಪ್ಪನ ಕೈಯಿಂದ ಕೊಯ್ತಾ ಕಸಿದು ತಾನೇ ತಿಕ್ಕಿದಳು, ತೊಳೆದಳು, ಅದ್ದಿದಳು. ನೂರು ಎಣಿಸುವಷ್ಟು ಹೊತ್ತು ಹಿಡಿದು ಎತ್ತಿದಳು.

ಅದ್ದಿದಷ್ಟು ಅಲಗು ಕೆಂಪು.

ಮಡೆಪ್ಪ ಅದನ್ನು ಧೋತರಕ್ಕೆ ಒರೆಸಿದ. ಹೋಗಲಿಲ್ಲ. ಮತ್ತೆ ಒರೆಸಿದ. ಹೊರಡುವ ಮುನ್ನ ತಿರುಗಿ ನಿಂತು, ‘ಅವ್ವಾ, ಇಂವನ್ನ ಅಟ್ಟದಾಗೇ ಇಡು. ನಮ್ಮ ಹಿಂದ ಬರೋರು ಅದ್ದಿ ನೋಡೂದಿಲ್ಲ’ ಎಂದ.

ಆಮೇಲೆ ಹನ್ನೊಂದು ದಿನ ಗುಲಾಮ ರಸೂಲ ಇಳಿಯಲಿಲ್ಲ. ಉಳಿದ ಗಿಡಗಳ ಹೆಸರೆತ್ತಲಿಲ್ಲ. ದಾರಿ ತಣ್ಣಗಾದ ಮೇಲೆ ಭೀಮಬಾಯಿ ಅವನನ್ನು ಜೋಳದ ಕಣಿಕೆಯ ಗಾಡಿಯಲ್ಲಿ ಅಡಗಿಸಿ ಚಿದ್ರಿಗೆ ಮುಟ್ಟಿಸಿದಳು.

ಎರಡು ವರ್ಷ ಅವನು ಬರಲಿಲ್ಲ. ಬೀದರಿನ ಬಂಗಲೆಯವರು ಕರೆದರೂ ಹೋಗಲಿಲ್ಲವಂತೆ. ಭಾಲ್ಕಿಯ ನಿಂಬೆ ಕಜ್ಜಿ ಹಿಡಿದು ಉದುರಿತು. ಮೂರನೆಯ ಮಳೆಗಾಲ ಭೀಮಬಾಯಿಯೂ ನಾನೂ ಅವನ ಮನೆಯ ಮುಂದೆ ನಿಂತೆವು. ಪರದೆಯ ಹಿಂದಿನಿಂದ ಅವನ ಹೆಂಡತಿ ಶಾಕಿರಾ ಬೇಗಂ, ‘ಅವರು ಮನಿಯಾಗ ಇಲ್ರಿ’ ಎಂದಳು. ಒಳಗೆ ಯಾರೋ ಕೆಮ್ಮಿದರು.

‘ಇಲ್ಲದವರು ಕೆಮ್ಮಲತ್ತಾರಲ್ಲ, ಬೇಗಂ’ ಎಂದಳು ಭೀಮಬಾಯಿ.

‘ಏನ್ ಮಾಡ್ಲಿ ಅಕ್ಕಾ. ಓಣ್ಯಾಗ ಗಾಡಿ ನಿಂತ್ರೂ ಒಳಕೋಣಿಗಿ ಹೋಗಿ ಕುಂದರ್ತಾರ.’

ಭೀಮಬಾಯಿ ತಂದಿದ್ದ ಕಜ್ಜಿ ಹಿಡಿದ ನಿಂಬೆಯ ಟೊಂಗೆಯನ್ನು ಪರದೆಯ ಕೆಳಗೆ ಸರಿಸಿದಳು. ಯಾರೋ ಅದನ್ನು ಒಳಗೆಳೆದುಕೊಂಡರು, ಆಮೇಲೆ ಗುಲಾಮ ರಸೂಲನ ದನಿ ಬಂತು. ‘ಜಡ್ಡಿನ ಟೊಂಗಿ ಎಲ್ಲಾ ಕಡೀರಿ. ಕಡದದ್ದು ಸುಡ್ರಿ, ತೋಟದಾಗ ಬಿಡಬ್ಯಾಡ್ರಿ. ಆಮ್ಯಾಲ ಔಷಧ.’

‘ಹೊಡಿಯೋರು ಯಾರಪ್ಪ?’

‘ಸಾವಕಾರ್ರು ಹೊಡೀಲಿ. ನಾ ಇಲ್ಲಿಂದ ಹೇಳ್ತೇನಿ.’

ಹಾಗೆ ಈ ವಯಸ್ಸಿನಲ್ಲಿ ನಾನು ಪಿಚಕಾರಿ ಹಿಡಿದೆ. ಭಾಲ್ಕಿಯ, ಔರಾದಿನ ಜಡ್ಡಿನ ಎಲೆಗಳು ಚಿದ್ರಿಗೆ ಹೋಗುತ್ತಿದ್ದವು. ಪರದೆಯ ಹಿಂದಿನಿಂದ ಔಷಧದ ಲೆಕ್ಕ ಬರುತ್ತಿತ್ತು, ಜೊತೆಗೆ ನನ್ನ ಕೈಗುಣಕ್ಕೆ ಬೈಗುಳ. ಕಳೆದ ಸಲ ಹೋದಾಗ ಅವನದೇ ಅಂಗಳದ ದಾಳಿಂಬೆಯ ಕಾಯಿಗಳು ಹುಳು ಬಿದ್ದು ತೂತು ತೂತಾಗಿದ್ದವು. ಬಾಗಿಲಿನಿಂದ ನಾಲ್ಕು ಹೆಜ್ಜೆ. ನೋಡಿಲ್ಲವೇನೋ ಎಂದು ಹೇಳಿದೆ.

‘ಗೊತ್ತದ್ರಿ’ ಎಂದ. ‘ಅದು ಬಾಗಲಾಚೆ ಅದಾ ಅಲ್ರಿ.’