ಚೀಲ ಹಿಡೀಬ್ಯಾಡ ಅಂದಿದ್ದಳು ಅವ್ವ

ಆಗೆಲ್ಲ ನಮ್ಮ ಕಡೆಯ ಚಳಿಗಾಲಕ್ಕೆ ಹಸಿ ಕಡಲೆಯ ವಾಸನೆ ಇರುತ್ತಿತ್ತು. ಸಂಕ್ರಾಂತಿ ಹತ್ತಿರ ಬಂತೆಂದರೆ ನಮ್ಮೂರು ಎಚ್.ಬಿ. ಹಳ್ಳಿಯ ಸಂತೆಗೆ ಕಡಲೆಗಿಡದ ಹೊರೆಗಳು ಬರುತ್ತಿದ್ದವು. ಶಾಲೆಗೆ ಹೋಗುತ್ತಾ ಯಾವುದಾದರೂ ಗಾಡಿಯಿಂದ ನಾಲ್ಕು ಗಿಡ ಜಗ್ಗಿಕೊಂಡು, ಕಾಯಿ ಸುಲಿದು ತಿಂದು, ಬೆರಳಿಗೆ ಅಂಟಿದ ಹುಳಿಯನ್ನು ನೆಕ್ಕುವುದೇ ನಮಗೆ ಹಬ್ಬ. ನನ್ನ ಪಾಲಿನ ಚಳಿಗೆ ಇನ್ನೊಂದು ವಾಸನೆಯೂ ಇತ್ತು. ಅದು ಬ್ಲೀಚಿಂಗ್ ಪೌಡರಿನದು. ಅವ್ವ ಗುತ್ತಿಗೆಯವನೊಬ್ಬನ ಕೈಕೆಳಗೆ ಊರಿನ ರಸ್ತೆ ಗುಡಿಸುತ್ತಿದ್ದಳು. ನಾವು ಏಳುವಷ್ಟರಲ್ಲಿ ಅವಳು ಹೋಗಿಬಿಟ್ಟಿರುತ್ತಿದ್ದಳು. ಒಲೆಯ ಪಕ್ಕ ಬಟ್ಟೆಯಲ್ಲಿ ಸುತ್ತಿಟ್ಟ ರೊಟ್ಟಿ, ಮೇಲೊಂದಿಷ್ಟು ಶೇಂಗಾ ಚಟ್ನಿ. ಎಷ್ಟು ಸೋಪು ಹಚ್ಚಿ ತೊಳೆದರೂ ಅವಳ ಕೈಯಿಂದ ಆ ವಾಸನೆ ಹೋಗುತ್ತಿರಲಿಲ್ಲ.

ನಾನು ಏಳನೇ ತರಗತಿಯಲ್ಲಿದ್ದೆ. ವಿಜ್ಞಾನ ಹೇಳಿಕೊಡುತ್ತಿದ್ದ ಕೊಟ್ರೇಶ ಸರ್‌ಗೆ ಹಕ್ಕಿಗಳ ಹುಚ್ಚು. ಒಂದು ದಿನ ಕರಿಹಲಗೆಯ ಮೇಲೆ ಹಿಮಾಲಯ ಬರೆದು, ಅದರ ಮೇಲಿಂದ ಒಂದು ಗೆರೆ ಎಳೆದು, ನೇರ ನಮ್ಮ ತುಂಗಭದ್ರೆಯ ಹಿನ್ನೀರಿಗೆ ತಂದು ನಿಲ್ಲಿಸಿದರು.

"ಇಷ್ಟು ದೂರ ಹಾರಿ ಬರ್ತಾವ ನೋಡ್ರಿ, ಪಟ್ಟೆತಲೆ ಹೆಬ್ಬಾತು ಅಂತ ಹೆಸರು. ನಮ್ಮ ಮಗ್ಗಲದಾಗ ಅದಾವ, ನಾವು ಒಂದ್ಸಲನೂ ನೋಡಿಲ್ಲ. ಬರೋ ಭಾನುವಾರ ಎಲ್ಲಾರೂ ಹೋಗೂಣು. ಹಕ್ಕಿ ನೋಡಿದ ಮ್ಯಾಲೆ ದಡದ ಕಸ ಎಲ್ಲಾ ಆರಿಸಿ ಬರೂಣು."

ಸಂಜೆ ಅವ್ವ ರೊಟ್ಟಿ ಬಡಿಯುವಾಗ ಕುಣಿಯುತ್ತಾ ಹೇಳಿದೆ. ಹಿಮಾಲಯದ ಮಾತು ಮುಗಿಯುವವರೆಗೂ ಅವಳ ಕೈ ಓಡುತ್ತಲೇ ಇತ್ತು. ಕಸದ ಮಾತು ಬಂದಾಗ ನಿಂತಿತು.

"ಹಕ್ಕಿ ನೋಡಾಕ ಹೋಗು. ಚೀಲ ಹಿಡೀಬ್ಯಾಡ."

"ಎಲ್ಲಾರೂ ಹಿಡಿತಾರ ಯವ್ವಾ. ಅಂಗಡಿ ವೀಣಾನೂ ಹಿಡಿತಾಳ."

"ವೀಣಾ ಹಿಡೀಲಿ. ಆಕಿ ಒಂದಿನ ಹಿಡಿದು ಮನಿಗೆ ಹೊಕ್ಕಾಳ. ನೀ ಹಿಡೀಬ್ಯಾಡ ಅಷ್ಟ."

ಸಿಟ್ಟಿನಿಂದ ಹೇಳಿದ್ದರೆ ವಾದ ಮಾಡುತ್ತಿದ್ದೆ. ಅವಳು ದಣಿದ ದನಿಯಲ್ಲಿ ಹೇಳಿದಳು. "ಹೂಂ" ಅಂದೆ.

ಭಾನುವಾರ ನಸುಕಿನಲ್ಲೇ ಟಂಟಂ ಆಟೋಗಳಲ್ಲಿ ತುಂಬಿಕೊಂಡು ಹೊರಟೆವು. ಚಳಿಗೆ ಹಲ್ಲು ಕಟಕಟಿಸುತ್ತಾ, ಒಬ್ಬರ ಮೇಲೊಬ್ಬರು ಬಿದ್ದು ನಗುತ್ತಾ ತಂಬ್ರಹಳ್ಳಿ ದಾಟಿದೆವು. ನೀರು ಹಿಂದೆ ಸರಿದಿತ್ತು. ಅದು ಬಿಟ್ಟುಹೋದ ಜಾಗದಲ್ಲೆಲ್ಲ ಎಳೆಹುಲ್ಲು, ಆ ಹುಲ್ಲಿನ ಮೇಲೆ ಕುರಿ ಹಿಂಡಿನ ಹಾಗೆ ಬೂದುಬಣ್ಣದ ಹಕ್ಕಿಗಳು. ಸರ್ ಯಾರದೋ ಕಡೆಯಿಂದ ತಂದಿದ್ದ ದುರ್ಬೀನು ಕೈಯಿಂದ ಕೈಗೆ ಬಂತು. ನನ್ನ ಸರದಿ ಬಂದಾಗ ಗಾಜಿನ ಮೇಲೆ ಎಲ್ಲರ ಉಸಿರಿನ ಮಂಜು. ಲಂಗದಿಂದ ಒರೆಸಿ ಹಿಡಿದೆ. ಒಂದು ಹಕ್ಕಿ ಹತ್ತಿರ ಬಂದು ನಿಂತಿತು. ಬಿಳಿ ತಲೆಯ ಹಿಂದೆ ಎರಡು ಕಪ್ಪು ಪಟ್ಟಿ, ಯಾರೋ ಕಾಡಿಗೆ ಬೆರಳಿನಿಂದ ಎಳೆದ ಹಾಗೆ. ಅದು ಹುಲ್ಲು ಕಿತ್ತಿತು, ತಲೆಯೆತ್ತಿ ನನ್ನ ಕಡೆಗೇ ನೋಡಿತು. ಹಿಂದಿನವರು ಜಗ್ಗುವವರೆಗೂ ನಾನು ದುರ್ಬೀನು ಬಿಡಲಿಲ್ಲ.

ಬಿಸಿಲು ಏರಿದ ಮೇಲೆ ಸರ್ ಚೀಲಗಳನ್ನು ತೆಗೆದರು, ಜೊತೆಗೆ ಎಲ್ಲರಿಗೂ ತೆಳು ಪ್ಲಾಸ್ಟಿಕ್ಕಿನ ಗ್ಲೌಸು. ನೀರಂಚಿನುದ್ದಕ್ಕೂ ಊಟದ ತಟ್ಟೆ, ನೀರಿನ ಪಾಕೀಟು, ಹರಿದ ಬಲೆ, ಒಡೆದ ಬಾಟಲಿ, ಹಳೇ ದೇವರ ಪಟಗಳ ಕಟ್ಟು. ಹುಡುಗರು ಗ್ಲೌಸಿಗೆ ಗಾಳಿ ಊದಿ ಆಡತೊಡಗಿದರು. ಅವ್ವನ ಕೈಯಲ್ಲಿ ಒಂದು ಸಲವೂ ಗ್ಲೌಸು ಕಂಡದ್ದು ನನಗೆ ನೆನಪಿರಲಿಲ್ಲ.

"ರೂಪಾ, ಮುಂದ ಬಾರವ್ವ" ಅಂದರು ಸರ್. "ಹೆಂಗ ಆರಿಸಬೇಕು ಅಂತ ಇವರಿಗೆ ತೋರಿಸು. ನಿಮ್ಮವ್ವನ್ನ ನೋಡಿ ನಿನಗ ಗೊತ್ತಿರ್ತತಿ."

ಹಿಂದೆ ಯಾರೋ ಕಿಸಕ್ಕೆಂದರು. ಸರ್ ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಮೆಚ್ಚುಗೆಯ ಮಾತೆಂದೇ ತಿಳಿದು ಹೇಳಿದ್ದರು. ಅದಕ್ಕೇ ಅದು ಹೆಚ್ಚು ಚುಚ್ಚಿತು.

"ಒಲ್ಲೆ ಸರ್."

"ಯಾಕ? ನಾಚಿಕಿ ಏನು? ಕೆಲಸದಾಗ ಮೇಲು ಕೀಳು ಐತೇನು?"

"ಅವ್ವ ಬ್ಯಾಡ ಅಂದಾಳ್ರಿ."

ಸರ್ ಮುಖ ಬಿಗಿಯಿತು. ಶ್ರಮದ ಬಗ್ಗೆ ಎಲ್ಲರೆದುರು ಒಂದು ಪಾಠವೇ ಆಯಿತು. "ಹಂಗಾರ ಅಲ್ಲಿ ಕೂಡು" ಎಂದು ಒಂದು ಬಂಡೆ ತೋರಿಸಿದರು. ಕೂತೆ. ಗೆಳತಿಯರು ಹಾಡು ಹೇಳುತ್ತಾ ಆರಿಸಿದರು, ನನ್ನ ಕಡೆ ನೋಡಿ ಪಿಸುಗುಟ್ಟಿದರು. ವೀಣಾ ಮಾತ್ರ ಒಂದು ಸಲ ಬಂದು ಮಂಡಕ್ಕಿ ವಗ್ಗರಣೆಯ ಪೊಟ್ಟಣ ಚಾಚಿದಳು.

"ಒಂದು ಚೀಲ ಹಿಡದ್ರ ಏನಾಕ್ಕತಿ ಲೇ? ನಾ ಹಿಡಿದಿಲ್ಲೇನು?"

ಪೊಟ್ಟಣ ಈಸಿಕೊಂಡು ಮಡಿಲಲ್ಲಿಟ್ಟುಕೊಂಡೆ. ಹಕ್ಕಿಗಳು ಗದ್ದಲಕ್ಕೆ ಹೆದರಿ ದೂರದ ನಡುಗಡ್ಡೆಗೆ ಹೋಗಿದ್ದವು.

ತುಂಬಿದ ಚೀಲಗಳನ್ನು ಟಂಟಂ ಮೇಲೆ ಹೇರಿ ತಂದು ಶಾಲೆಯ ಗೇಟಿನ ಹೊರಗೆ ಸಾಲಾಗಿ ಇಟ್ಟರು. "ನಾಳೆ ಗಾಡಿ ಬಂದು ಒಯ್ತತಿ" ಎಂದು ಸರ್ ಹೇಳಿದರು. ಆ ಗಾಡಿ ಯಾರದೆಂದು ಆಗ ನನಗೂ ಹೊಳೆಯಲಿಲ್ಲ.

ಮನೆಯಲ್ಲಿ ಅವ್ವ ಮೊದಲು ನನ್ನ ಕೈ ನೋಡಿದಳು. ಆಮೇಲೆ ಕೇಳಿದಳು, "ಅಷ್ಟು ದೂರದಿಂದ ಬರ್ತಾವಲ್ಲ, ಏನ್ ತಿನ್ನಾಕ?"

"ಹುಲ್ಲು."

"ಅವರೂರಾಗ ಹುಲ್ಲಿಲ್ಲೇನು?"

"ಚಳಿಗಾಲದಾಗ ಬರೀ ಹಿಮ ಇರ್ತತಿ ಯವ್ವಾ."

"ಪಾಪ" ಅಂದಳು. "ಹೊಟ್ಟಿಪಾಡು ಅವಕ್ಕೂ ತಪ್ಪಿಲ್ಲ ಅನ್ನು."

ಬಂಡೆಯ ಮೇಲೆ ಕೂತ ಸಂಗತಿ ನಾನು ಹೇಳಲಿಲ್ಲ.

ಸೋಮವಾರ ಪ್ರಾರ್ಥನೆಗೆ ಸಾಲು ನಿಂತಿದ್ದೆವು. ಗೇಟಿನ ಹೊರಗೆ ತಳ್ಳುಗಾಡಿಯ ಗಾಲಿ ಕಿರುಗುಟ್ಟಿತು. ತಿರುಗಿ ನೋಡುವ ಮೊದಲೇ ಗೊತ್ತಾಯಿತು. ಅವ್ವ. ಸೀರೆ ಎತ್ತಿ ಸಿಕ್ಕಿಸಿ, ಮೂಗಿಗೆ ಟವೆಲ್ಲು ಕಟ್ಟಿಕೊಂಡು ಒಬ್ಬಳೇ ಬಂದಿದ್ದಳು. ಚೀಲಗಳು ಒಳಗಿನ ಒದ್ದೆ ಕಸಕ್ಕೆ ರಾತ್ರಿಯೆಲ್ಲ ನೆಂದು ಕೆಸರು ಸೋರುತ್ತಿದ್ದವು. ಮೊದಲನೆಯದನ್ನು ಎತ್ತಲು ಹೋದಳು, ಆಗಲಿಲ್ಲ. ಮೊಣಕಾಲಿಗೆ ಆನಿಸಿ ಮತ್ತೆ ಎತ್ತಿದಳು. ಶಾಲೆಗೆ ಶಾಲೆಯೇ ಕಣ್ಣು ಮುಚ್ಚಿ ಪ್ರಾರ್ಥನೆ ಹಾಡುತ್ತಿತ್ತು. ನಾನು ಸಾಲು ಬಿಟ್ಟು ಓಡಿ ಚೀಲದ ಇನ್ನೊಂದು ತುದಿ ಹಿಡಿದೆ.

"ಬಿಡು."

"ಭಾರ ಐತಿ ಯವ್ವಾ."

"ಬಿಡು ಅಂದ್ನಲ್ಲ. ಒಳಗ ಹೋಗು."

ನಾನು ಬಿಡಲಿಲ್ಲ. ಅವಳೇ ಚೀಲವನ್ನು ನೆಲಕ್ಕೆ ಬಿಟ್ಟು ನಿಂತಳು. ಅಷ್ಟರಲ್ಲಿ ಕೊಟ್ರೇಶ ಸರ್ ಬಂದರು. ಚೀಲ ನೋಡಿದರು, ಗಾಜು ಕೊಯ್ದ ಗುರುತುಗಳಿದ್ದ ಅವ್ವನ ಬರಿಗೈ ನೋಡಿದರು. ಬಗ್ಗಿ ಚೀಲದ ಒಂದು ತುದಿ ಹಿಡಿದರು.

"ನೀವ್ಯಾಕ್ರಿ ಸರ್? ಅಂಗಿ ಹೊಲಸಾಕ್ಕತಿ."

"ಇರ್ಲಿ ಬಿಡಮ್ಮ."

"ನನ್ನ ಮಗಳಿಗೆ ಏನೂ ಅನಬ್ಯಾಡ್ರಿ. ನಾನ ಬ್ಯಾಡ ಅಂದಿದ್ದೆ. ಆಕಿ ಕೈಯಾಗ ಇದು ಬರಬಾರದು ಅಂತ ನಾ ಇದನ್ನ ಮಾಡಾಕ ಹತ್ತೇನ್ರಿ."

ಸರ್ ತಲೆ ಎತ್ತಲಿಲ್ಲ. ಇಬ್ಬರೂ ಸೇರಿ ಎಲ್ಲ ಚೀಲ ಹೇರಿದರು. ಆಮೇಲೆ ಅವರು ಒಳಗೆ ಹೋಗಿ, ಉಳಿದಿದ್ದ ಗ್ಲೌಸುಗಳ ಪೊಟ್ಟಣ ತಂದು ಎರಡೂ ಕೈಯಿಂದ ಕೊಟ್ಟರು. ಅವ್ವ ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಗಾಡಿ ತಳ್ಳಿಕೊಂಡು ಹೋದಳು. ಆ ಗ್ಲೌಸುಗಳು ಒಂದೇ ಬೆಳಿಗ್ಗೆಗೆ ಹರಿದವು. ಅವನ್ನೂ ಅವಳೇ ಗಾಡಿಗೆ ಹಾಕಿದಳಂತೆ.

ಮತ್ತೆ ಸರ್ ನಮ್ಮನ್ನು ಹಕ್ಕಿ ನೋಡಲು ಕರೆದೊಯ್ಯಲಿಲ್ಲ. ಕಸ ಬಿಟ್ಟು ಬರೀ ಹಕ್ಕಿ ನೋಡಿ ಬರಬಹುದಿತ್ತು. ಅವರಿಗೆ ಆ ಮಾತು ಎತ್ತುವುದೇ ಕಷ್ಟವಾಗಿತ್ತೇನೋ. ಮುಂದಿನ ವರ್ಷ ಹರಪನಹಳ್ಳಿ ಕಡೆ ಹಲವಾಗಲಿಗೆ ವರ್ಗವಾಗಿ ಹೋದರು. "ನಿನ್ನಿಂದ ಟ್ರಿಪ್ ತಪ್ಪಿತು" ಎಂದು ತರಗತಿಯವರು ಬಹಳ ದಿನ ಆಡಿಕೊಂಡರು. ವೀಣಾ ಆಡಿಕೊಳ್ಳಲಿಲ್ಲ. ಆದರೆ ಮೊದಲಿನಂತೆ ಹೆಗಲ ಮೇಲೆ ಕೈ ಹಾಕಿ ನಡೆಯಲೂ ಇಲ್ಲ. ನಮ್ಮಿಬ್ಬರ ಮನೆಗಳ ನಡುವೆ ಅಂತರವಿದೆ ಎಂದು ಆ ಬಂಡೆಯ ತನಕ ನಮಗಿಬ್ಬರಿಗೂ ಗೊತ್ತಿರಲಿಲ್ಲ.

ಈಗ ನಾನು ಹಡಗಲಿಯಲ್ಲಿ ಲ್ಯಾಬ್ ಟೆಕ್ನಿಷಿಯನ್. ದಿನಾ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ತಿಂಗಳ ಸಂಬಳ ಬರುತ್ತದೆ. ಅವ್ವ ಕೆಲಸ ಬಿಟ್ಟಿದ್ದಾಳೆ. ಬಿಟ್ಟಳು ಅನ್ನುವುದಕ್ಕಿಂತ ಮೊಣಕಾಲು ನೋವು ಬಿಡಿಸಿತು ಅನ್ನಬೇಕು. ಅವಳು ಅಂದುಕೊಂಡದ್ದು ನಡೆದಿದೆ. ಅದಕ್ಕಾಗಿ ನಾವಿಬ್ಬರೂ ಕುಣಿಯಬೇಕಿತ್ತು. ಸಂಜೆ ಮನೆಗೆ ಬಂದು ಇಬ್ಬರೂ ಗೋಡೆಗೆ ಒರಗಿ ಟೀ ಕುಡಿಯುತ್ತೇವೆ, ಅಷ್ಟೇ.

ಹೋದ ಚಳಿಗಾಲದಲ್ಲಿ ಒಂದು ರಜೆಯ ದಿನ ಅವಳನ್ನು ಸ್ಕೂಟಿಯ ಮೇಲೆ ಕೂರಿಸಿಕೊಂಡು ಹಿನ್ನೀರಿಗೆ ಹೋದೆ. ಇಷ್ಟು ವರ್ಷ ಹತ್ತಿರವೇ ಇದ್ದು ಅವಳು ಅದನ್ನು ನೋಡಿರಲೇ ಇಲ್ಲ. ಹಕ್ಕಿಗಳು ಬಂದಿದ್ದವು. ಹಿಂದಿನಷ್ಟಿದ್ದವೋ ಇಲ್ಲವೋ, ನನ್ನ ಕಣ್ಣಿಗಂತೂ ಕಡಿಮೆ ಅನ್ನಿಸಿದವು. ದಡದ ಪ್ಲಾಸ್ಟಿಕ್ಕು ಮಾತ್ರ ದುಪ್ಪಟ್ಟಾಗಿತ್ತು.

"ಏಸೊಂದು ಕಸ ಬಿದ್ದೈತಿ ನೋಡು" ಅಂದಳು ಅವ್ವ. "ಇದನ್ನೆಲ್ಲ ಯಾರು ಎತ್ತಬೇಕವ್ವ?"

"ಯವ್ವಾ, ಅತ್ತಾಗ ನೋಡು. ಹುಲ್ಲಿನ ಮ್ಯಾಲೆ, ಹಕ್ಕಿ."

"ನೋಡಿದೆ ಬಿಡು. ಚಲೋ ಅದಾವ."

ಅವಳು ನೋಡಿರಲಿಲ್ಲ. ಅವಳ ಕಣ್ಣು ದಡವನ್ನೇ ಗುಡಿಸುತ್ತಿತ್ತು. ಅವಳನ್ನು ಏನೆನ್ನಲಿ? ಸ್ಕೂಟಿ ಇಳಿದಾಗ ನನಗೆ ಮೊದಲು ಕಂಡದ್ದೂ ಬಾಟಲಿಗಳೇ. ದುರ್ಬೀನಿನೊಳಗೆ ಒಂದು ಹಕ್ಕಿಯ ಹೊರತು ಲೋಕದಲ್ಲಿ ಬೇರೇನೂ ಇಲ್ಲವೆಂಬಂತೆ ನಿಂತಿದ್ದ ಹುಡುಗಿ ನನ್ನೊಳಗೆ ಎಲ್ಲಿಯೂ ಸಿಗಲಿಲ್ಲ.

ಜಾಲಿ ಗಿಡದ ನೆರಳಲ್ಲಿ ಅವ್ವ ಸೆರಗು ಹಾಸಿ ಕೂತಳು. ಸ್ವಲ್ಪ ಹೊತ್ತಿಗೆ ಹಾಗೇ ಒರಗಿ ನಿದ್ದೆಹೋದಳು. ಯಾವುದೋ ನಾಯಿ ನುಗ್ಗಿ, ಇಡೀ ಹಿಂಡು ಕೂಗುತ್ತಾ ಮೇಲೆದ್ದಿತು. ನೂರಾರು ರೆಕ್ಕೆಗಳ ಸದ್ದು ನಮ್ಮ ತಲೆಯ ಮೇಲಿಂದಲೇ ಹಾದುಹೋಯಿತು. ಅವ್ವ ಅಲುಗಲಿಲ್ಲ. ಎಬ್ಬಿಸಲೆಂದು ಕೈ ಚಾಚಿದೆ, ಹಿಂದಕ್ಕೆ ತೆಗೆದುಕೊಂಡೆ. ಬಿಸಿಲು ಅವಳ ಮುಖದ ಮೇಲೆ ಬರತೊಡಗಿದಾಗ ಎದ್ದು ಆ ಕಡೆಗೆ ಅಡ್ಡವಾಗಿ ಕೂತೆ.